ಹುಗಿದದ್ದು, ತೆಗೆದದ್ದು

ನಮ್ಮೂರಲ್ಲಿ ಅಪ್ಪನನ್ನು ಹೆಸರಿನಿಂದ ಕರೆದವರು ಕಡಿಮೆ. ಓರಗೆಯವರಿಗೆ ಅವನು ‘ಮಿಲ್ಟ್ರಿ’, ಚಿಕ್ಕವರಿಗೆ ‘ಮಿಲ್ಟ್ರಿ ಅಜ್ಜ’. ನಮ್ಮ ಮನೆ ಮಿಲ್ಟ್ರಿಯವರ ಮನೆ. ನಮ್ಮ ಎಮ್ಮೆ ಯಾರದಾದರೂ ಹೊಲಕ್ಕೆ ನುಗ್ಗಿದರೆ ಅದೂ ಮಿಲ್ಟ್ರಿಯವರ ಎಮ್ಮೆಯೇ. ಹಾವೇರಿ ಕಡೆಯ ಸಣ್ಣ ಹಳ್ಳಿ ನಮ್ಮದು. ಅಪ್ಪ ಸೇನೆಗೆ ಸೇರಿದಾಗ ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಎಲ್ಲವೂ ಧಾರವಾಡವೇ.

ಅವನು ತೀರಿಕೊಂಡ ಮೇಲೆ ಮಾತಾಡಿಸಿ ಹೋಗಲು ಬಂದವರಲ್ಲಿ ಎರಡು ಪಂಗಡ. ಕೆಲವರಿಗೆ 1971ರ ಯುದ್ಧದ ಸುದ್ದಿ ಬೇಕು. ಕೆಲವರಿಗೆ ಅವನ ಲಿಂಗಪೂಜೆಯ ಸುದ್ದಿ. ಒಬ್ಬ ಹಿರಿಯರು ಮಾತ್ರ ಎರಡನ್ನೂ ಸೇರಿಸಿ, “ಇಷ್ಟು ಭಕ್ತಿ ಇದ್ದ ಮನಿಷ್ಯಾ ಕೈಯಾಗ ಬಂದೂಕ ಹ್ಯಾಂಗ ಹಿಡದ್ನೋ ಏನೋ” ಅಂದರು. ಕುಹಕದ ಮಾತಲ್ಲ, ನಿಜಕ್ಕೂ ಅವರಿಗೆ ಬಗೆಹರಿಯದ ಪ್ರಶ್ನೆ. ಯಾರೂ ಉತ್ತರ ಕೊಡಲಿಲ್ಲ. ಚಹಾ ಬಂತು, ಮಾತು ಮಳೆಯ ಕಡೆ ಹೊರಳಿತು.

ನನಗೆ ಆ ಪ್ರಶ್ನೆಯೇ ಸರಿಯಿಲ್ಲ ಅನಿಸುತ್ತದೆ. ಅಪ್ಪನೊಳಗೆ ಒಬ್ಬ ಸಿಪಾಯಿ, ಒಬ್ಬ ಭಕ್ತ ಅಂತ ಇಬ್ಬರು ಇರಲೇ ಇಲ್ಲ. ಅವನು ಊರು ಬಿಟ್ಟಾಗ ಇದ್ದದ್ದು ಅಜ್ಜಿ ಹೇಳಿಕೊಟ್ಟ ಭಕ್ತಿ. ವಾಪಸು ಬಂದಾಗ ಇದ್ದದ್ದು ಬೇರೆ. ಅದನ್ನು ಅವನ ಕೆಲಸವೇ ಕಟ್ಟಿಕೊಟ್ಟಿತ್ತು.

1962ರಲ್ಲಿ ಚೀನಾ ಜೊತೆಗಿನ ಯುದ್ಧದಲ್ಲಿ ಪೆಟ್ಟು ತಿಂದ ಮೇಲೆ ಸೇನೆ ಜೋರಾಗಿ ಭರ್ತಿ ಶುರುಮಾಡಿತು. ಅದರ ಮರುವರ್ಷ ಅಪ್ಪ ಹೋದ. ದೇಶಪ್ರೇಮದಿಂದ ಹೋದಿರಾ ಅಂತ ಯಾರಾದರೂ ಕೇಳಿದರೆ ನಗುತ್ತಿದ್ದ. “ಎರಡು ಎಕರೆ ಹೊಲ, ನಾಕು ಮಂದಿ ಗಂಡಮಕ್ಕಳು. ಯಾರರೇ ಒಬ್ರು ತಾಟು ಬಿಟ್ಟು ಏಳಬೇಕಿತ್ತು, ನಾ ಎದ್ದೆ” ಅನ್ನುತ್ತಿದ್ದ. ದೇಶಪ್ರೇಮ ಆಮೇಲೆ ಬಂದಿರಬಹುದು. ಅದರ ಬಗ್ಗೆ ಅವನು ಭಾಷಣ ಮಾಡಿದ್ದನ್ನು ನಾನಂತೂ ಕೇಳಿಲ್ಲ. ಆಗಸ್ಟ್ 15ಕ್ಕೆ ಶಾಲೆಯವರು ಕರೆದರೆ ಹೋಗುತ್ತಿದ್ದ, ಧ್ವಜದ ಹಗ್ಗದ ಗಂಟು ಸರಿಯಿದೆಯಾ ಅಂತ ನೋಡುತ್ತಿದ್ದ, ಲಾಡು ತಿಂದು ಬರುತ್ತಿದ್ದ.

ಅವನು ಸೇರಿದ್ದು ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. ಎಲ್ಲರೂ ಎಂಇಜಿ ಅನ್ನುವುದು ಅದನ್ನೇ. 1780ರಿಂದ ಇರುವ ಪಡೆ. ಅಲ್ಲಿನ ಸಿಪಾಯಿಗೆ ಸ್ಯಾಪರ್ ಅನ್ನುತ್ತಾರೆ, ಪ್ರೀತಿಯಿಂದ ತಂಬಿ ಅನ್ನುತ್ತಾರೆ. ಸೇನೆ ಮುಂದೆ ಹೋಗಬೇಕಾದರೆ ದಾರಿ ಮಾಡುವುದು, ಹೊಳೆಗೆ ಸೇತುವೆ ಹಾಕುವುದು, ಮೈನ್ ಅಂದರೆ ನೆಲಬಾಂಬು ಹುಗಿಯುವುದು, ಶತ್ರು ಹುಗಿದ ಮೈನ್ ತೆಗೆಯುವುದು, ಇವೆಲ್ಲ ಸ್ಯಾಪರ್‌ಗಳ ಕೆಲಸ. ಬಿಡಿಭಾಗ ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತಡಿ ಉದ್ದ, ಎತ್ತಲು ಆರು ಜನ ಬೇಕು. ಆರೂ ಜನ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಸಬೇಕು. ಒಬ್ಬ ತಡ ಮಾಡಿದರೆ ಇನ್ನೊಬ್ಬನ ಬೆನ್ನು ಹೋಯಿತು. ಮುಂದೆ ನಮ್ಮ ಮನೆಯಲ್ಲಿ ಕಬ್ಬಿಣದ ಕಪಾಟು ಸರಿಸಬೇಕಾದಾಗಲೂ ಅಪ್ಪ ಬಾಗಿಲಲ್ಲಿ ನಿಂತು ಹುಕುಂ ಕೊಡುತ್ತಿದ್ದ. ತಮಿಳು, ಹಿಂದಿ, ನಮ್ಮ ಕಡೆಯ ಕನ್ನಡ ಎಲ್ಲ ಕಲಸಿದ ಹುಕುಂ. ಅವ್ವನಿಗೆ ನಗು ತಡೆಯುತ್ತಿರಲಿಲ್ಲ.

ಹೊರಡುವಾಗ ಅಜ್ಜಿ ಒಂದು ಮಾತು ತಗೊಂಡಿದ್ದಳು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕಬಾರದು. ಎಡಗೈಯಲ್ಲಿ ಇಷ್ಟಲಿಂಗ, ವಿಭೂತಿ, ಒಂದು ಪತ್ರಿ, ಒಂದು ಹನಿ ನೀರು. ಅಷ್ಟೇ ಅಲ್ವಾ, ಎಲ್ಲಿದ್ದರೂ ಆಗುತ್ತದೆ ಅಂತ ಅವಳ ಲೆಕ್ಕ. ಪತ್ರಿ ಮರ ಇಲ್ಲದ ಊರು ಇರಬಹುದು ಅಂತ ಕೂಡ ಅವಳಿಗೆ ಅನಿಸಿರಲಿಕ್ಕಿಲ್ಲ.

ಸೇನೆಯಲ್ಲಿ ಪೂಜೆಗೆ ಅಡ್ಡಿ ಮಾಡಿದವರು ಯಾರೂ ಇಲ್ಲ ಅಂತ ಅಪ್ಪ ಹೇಳುತ್ತಿದ್ದ. ಪಲ್ಟನ್ನಿನಲ್ಲೇ ಗುಡಿ ಇರುತ್ತಿತ್ತು. ಪಂಡಿತರು, ಮೌಲ್ವಿ, ಪಾದ್ರಿ ಇವರೆಲ್ಲ ಸೇನೆಯಲ್ಲಿ ಜೆಸಿಓ (ಹವಿಲ್ದಾರನಿಗಿಂತ ಮೇಲಿನ ಕಿರಿಯ ಅಧಿಕಾರಿ) ದರ್ಜೆಯ ಹುದ್ದೆಗಳೇ. ಮಾಂಸ ತಿನ್ನದವರಿಗೆ ಲಂಗರಿನಲ್ಲಿ, ಅಂದರೆ ಪಲ್ಟನ್ನಿನ ಅಡುಗೆಮನೆಯಲ್ಲಿ, ಬೇರೆ ರೇಷನ್. ರಮ್ ಮಾತ್ರ ಸಮಸ್ಯೆ. ಅಪ್ಪ ಕುಡಿಯುತ್ತಿರಲಿಲ್ಲ, ಹಾಗಾಗಿ ಅವನ ಪಾಲಿನ ಪೆಗ್ಗಿಗೆ ಗೆಳೆಯರ ನಡುವೆ ಪಾಳಿ ಇತ್ತಂತೆ. ನಿವೃತ್ತಿಯ ಮೇಲೆ ಇದೇ ಸಮಸ್ಯೆ ಊರಿಗೆ ಬಂತು. ಸೇನೆಯ ಅಗ್ಗದ ಅಂಗಡಿಯಾದ ಕ್ಯಾಂಟೀನಿನ ಕಾರ್ಡ್ ಇರುವ ಮಾಜಿ ಸೈನಿಕನಿಗೆ ಎಷ್ಟು ಜನ ನೆಂಟರು ಹುಟ್ಟಿಕೊಳ್ಳುತ್ತಾರೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಮದುವೆ ಇದೆ, ಎರಡು ಬಾಟ್ಲಿ ನೋಡ್ರಿ ಅಂತ ಬರುವರು. ಅಪ್ಪ ಹೂಂ ಅಂತಲೂ ಅನ್ನುತ್ತಿರಲಿಲ್ಲ, ಊಹೂಂ ಅಂತಲೂ ಅನ್ನುತ್ತಿರಲಿಲ್ಲ. ಕ್ಯಾಂಟೀನಿಗೆ ಹೋಗಿ ಒಂದು ಪ್ರೆಶರ್ ಕುಕ್ಕರ್ ತಂದು ಮದುಮಕ್ಕಳಿಗೆ ಮುಯ್ಯಿ ಮಾಡಿ ಬರುತ್ತಿದ್ದ. ನಮ್ಮ ನೆಂಟರ ಮನೆಗಳಲ್ಲಿ ಇವತ್ತಿಗೂ ಆ ಕುಕ್ಕರ್‌ಗಳು ಸೀಟಿ ಹೊಡೆಯುತ್ತಿವೆ.

ಯುದ್ಧದ ವಿಷಯಕ್ಕೆ ಬರುತ್ತೇನೆ. 1971ರ ಡಿಸೆಂಬರ್ 3ರಂದು ಯುದ್ಧ ಶುರುವಾದಾಗ ಅಪ್ಪ ಪಶ್ಚಿಮದ ಗಡಿಯಲ್ಲಿ, ಪಾಕಿಸ್ತಾನದ ಶಕರ್‌ಗಢ ಕಡೆಯಲ್ಲಿದ್ದ. ಬಸಂತರ್ ಹೊಳೆಯ ಸುತ್ತ ಪಾಕಿಸ್ತಾನದವರು ಹುಗಿದಿದ್ದ ಮೈನ್ ಪಟ್ಟಿಗಳು ಕೆಲವು ಕಡೆ ಒಂದು ಕಿಲೋಮೀಟರಿಗೂ ಹೆಚ್ಚು ಅಗಲ. ಅದರೊಳಗೆ ರಾತ್ರಿ ದಾರಿ ಮಾಡಿದರೆ ಮಾತ್ರ ಟ್ಯಾಂಕ್ ದಾಟಬಹುದು. ಡಿಸೆಂಬರ್ 16ರಂದು 21 ವರ್ಷದ ಅರುಣ್ ಖೇತರ್‌ಪಾಲ್ ಟ್ಯಾಂಕಿನಲ್ಲೇ ಪ್ರಾಣ ಬಿಟ್ಟದ್ದು ಅಲ್ಲೇ. ಅವರಿಗೆ ಪರಮವೀರ ಚಕ್ರ ಬಂತು. ಅವರ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ಆದರೆ ಆ ಟ್ಯಾಂಕ್‌ಗಳು ಮೈನ್ ದಾಟಿ ಮುಂದೆ ಹೋಗಲು ಹೊಟ್ಟೆಯ ಮೇಲೆ ತೆವಳುತ್ತಾ ದಾರಿ ಮಾಡುತ್ತಿದ್ದ ಸ್ಯಾಪರ್‌ಗಳ ಬಗ್ಗೆ ಯಾರೂ ಜಾಸ್ತಿ ಕೇಳುವುದಿಲ್ಲ.

ಮೈನ್ ಹುಡುಕುವ ಕೆಲಸವನ್ನು ಅಪ್ಪ ನನಗೆ ಒಮ್ಮೆ ಮಾಡಿ ತೋರಿಸಿದ್ದ. ಹಿತ್ತಲಲ್ಲಿ, ಅವ್ವ ಶುಂಠಿ ಹಾಕಿದ್ದ ಮಡಿಯಲ್ಲಿ. ನೆಲಕ್ಕೆ ಬೋರಲಾಗಿ ಮಲಗಿದ. ಆಗಲೇ ಅವನಿಗೆ ಅರವತ್ತು ದಾಟಿತ್ತು. ಕೈಯಲ್ಲಿ ಒಂದು ಹಳೇ ಹೆಣಿಗೆಯ ಸರಳು. ಅದನ್ನು ನೇರವಾಗಿ ಚುಚ್ಚಲಿಲ್ಲ. ಓರೆಯಾಗಿ, ನೆಲಕ್ಕೆ ಸುಮಾರು ಮೂವತ್ತು ಡಿಗ್ರಿ ಹಿಡಿದು, ಮೆಲ್ಲಗೆ ಒತ್ತಿದ. ನೇರ ಚುಚ್ಚಿದರೆ ಮೊನೆ ಮೈನಿನ ನೆತ್ತಿಗೆ ತಾಗುತ್ತದೆ, ಒತ್ತಡ ಬೀಳಬಾರದ್ದೇ ಅಲ್ಲಿ. ಓರೆಯಾಗಿ ಹೋದರೆ ಪಕ್ಕೆಗೆ ತಾಗುತ್ತದೆ. ಏನೋ ಗಟ್ಟಿ ಸಿಕ್ಕರೆ ಕೈ ನಿಲ್ಲಿಸಬೇಕು. ಬೆರಳಿನಿಂದ ಮಣ್ಣು ಸರಿಸಬೇಕು, ಪಕ್ಕದಿಂದಲೇ. ಏನೂ ಸಿಗದಿದ್ದರೆ ಸರಳು ತೆಗೆದು, ಒಂದೆರಡು ಬೆರಳಗಲ ಆಚೆ ಮತ್ತೆ ಅದೇ. ಹಿಂದೆ ಬರುವವನು ಬಿಳಿ ಪಟ್ಟಿ ಹಾಸುತ್ತಾ ಬರುತ್ತಾನೆ. ಮೇಲೆ ಶೆಲ್ ಬೀಳುತ್ತಿದ್ದರೂ ಕೈ ಅವಸರ ಮಾಡುವ ಹಾಗಿಲ್ಲ.

ಸರಳು ಶುಂಠಿ ಗಡ್ಡೆಗೆ ತಾಗಿತು. ಅಪ್ಪನ ಕೈ ನಿಂತ ಪರಿ ನನಗೆ ಚೆನ್ನಾಗಿ ನೆನಪಿದೆ. ಆ ಕೈಯನ್ನು ನಾನು ದಿನಾ ಬೆಳಿಗ್ಗೆ ನೋಡುತ್ತಿದ್ದೆ. ಕರಡಿಗೆಯ ಮುಚ್ಚಳ ತೆಗೆದು, ವಸ್ತ್ರ ಬಿಚ್ಚಿ, ಲಿಂಗವನ್ನು ಎಡಗೈ ಅಂಗೈಗೆ ಇಳಿಸಿಕೊಳ್ಳುವಾಗಲೂ ಅದೇ ಬೆರಳು, ಅದೇ ನಿಧಾನ. ಮಂತ್ರ ಅವನಿಗೆ ಹೆಚ್ಚು ಬರುತ್ತಿರಲಿಲ್ಲ. ನಮಃ ಶಿವಾಯ ಬಿಟ್ಟರೆ ನಾಲ್ಕಾರು ವಚನ, ಅದರಲ್ಲೂ ಎರಡು ಅರ್ಧಂಬರ್ಧ. ಆದರೆ ಪೂಜೆಗೆ ಕೂತಾಗ ಮನೆಗೆ ಬೆಂಕಿ ಬಿದ್ದರೂ ಅವನ ಕೈ ಅವಸರ ಮಾಡುತ್ತಿರಲಿಲ್ಲ. ನಮಗೆ ಶಾಲೆಗೆ ಹೊತ್ತಾಗುತ್ತಿದ್ದರೆ ಇದು ಎಷ್ಟು ಸಿಟ್ಟು ಬರಿಸುತ್ತಿತ್ತು ಅಂದರೆ ಹೇಳಬಾರದು.

ಲಿಂಗದ ಬಗ್ಗೆ ಇನ್ನೊಂದು ಮಾತು. ಬೋರಲು ಮಲಗಿದರೆ ಎದೆಯ ಮೇಲಿನ ಬೆಳ್ಳಿ ಕರಡಿಗೆ ಎದೆಗೂಡಿಗೆ ಒತ್ತುತ್ತದೆ. ಅದೂ ಅಲ್ಲದೆ ಮೈನ್ ಕೆಲಸದಲ್ಲಿ ಮೈಮೇಲೆ ಸುಮ್ಮನೆ ಲೋಹ ಇಟ್ಟುಕೊಳ್ಳುವ ಹಾಗಿಲ್ಲ, ಡಿಟೆಕ್ಟರ್ ಕೂಗುತ್ತದೆ. ಅಪ್ಪ ಕರಡಿಗೆಯನ್ನು ಟ್ರಂಕಿನಲ್ಲಿಟ್ಟು, ಲಿಂಗವನ್ನು ಬರೀ ಬಟ್ಟೆಯಲ್ಲಿ ಸುತ್ತಿ, ಕಂಕುಳ ಹತ್ತಿರ ಬರುವ ಹಾಗೆ ಬಿಗಿದು ಕಟ್ಟಿಕೊಂಡಿದ್ದ. “ಕಂಕುಳಾಗೂ ಕಟ್ಟಬಹುದು ಅಂತ ಹಿರ್ಯಾರು ಹೇಳ್ಯಾರ” ಅಂತ ಅವನ ಸಮರ್ಥನೆ. ಅದು ನಿಜವೇ. ಲಿಂಗ ಧರಿಸಲು ಹೇಳಿರುವ ಆರು ಜಾಗಗಳಲ್ಲಿ ಅದೂ ಒಂದು. ಯಾವ ಮಠದವರನ್ನೂ ಕೇಳದೆ, ಚಳಿಯಲ್ಲಿ, ಯುದ್ಧಭೂಮಿಯಲ್ಲಿ ಅವನು ಈ ಶಾಸ್ತ್ರ ಬಿಡಿಸಿಕೊಂಡಿದ್ದ.

ಆದರೆ ಪೂಜೆ ತಪ್ಪಿತು. ರಾತ್ರಿ ಪೂರ್ತಿ ನೆಲದ ಮೇಲೆ, ಹಗಲು ಗುಂಡಿಯೊಳಗೆ. ನೀರು ಬಾಟಲಿಯಲ್ಲಿ ಇದ್ದಷ್ಟೇ. ಅಜ್ಜಿಗೆ ಕೊಟ್ಟ ಮಾತು ಮುರಿದು ಅಪ್ಪ ಬಿಸ್ಕೀಟು ತಿಂದ, ನೀರು ಕುಡಿದ. ಮುಂದಿನ ರಜೆಗೆ ಬಂದವನೇ ಅವಳ ಮುಂದೆ ಕೂತು ಇದನ್ನೆಲ್ಲ ಹೇಳಿದನಂತೆ. ಯುದ್ಧ ಹೇಗಿತ್ತು ಅನ್ನುವುದು ಆಮೇಲೆ, ಮೊದಲು ಇದು. ಅಜ್ಜಿ ಶಾಲೆಯ ಮುಖ ನೋಡಿದವಳಲ್ಲ. ಆದರೆ ಆಯ್ದಕ್ಕಿ ಮಾರಯ್ಯನ ವಚನ ಅವಳ ಬಾಯಲ್ಲೇ ಇತ್ತು. ಕಾಯಕದಲ್ಲಿ ಮುಳುಗಿದವನು ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಅನ್ನುವ ವಚನ. ಕಾಯಕವೇ ಕೈಲಾಸ ಅಂತ ಗೋಡೆಗೋಡೆಗೆ ಬರೆಯುತ್ತೇವೆ, ಅದರ ಹಿಂದಿನ ಸಾಲುಗಳು ಎಷ್ಟು ಖಾರವಾಗಿವೆ ಅಂತ ಓದುವುದಿಲ್ಲ. ಅಜ್ಜಿ ಅದನ್ನು ಹೇಳಿ, “ನಿನ್ನ ಪೂಜಿ ಎಲ್ಲೂ ತಪ್ಪಿಲ್ಲ ಏಳು, ಉಣ್ಣು” ಅಂದಳಂತೆ.

ಆ ಒಂದು ಮಾತು ಅಪ್ಪನನ್ನು ಕೊನೆಯವರೆಗೂ ನಡೆಸಿತು ಅಂತ ನನ್ನ ಅನಿಸಿಕೆ. ಅವನ ಭಕ್ತಿಯಲ್ಲಿ ಭಯ ಇರಲಿಲ್ಲ. ಹರಕೆ ಹೊರುತ್ತಿರಲಿಲ್ಲ. ಜಾತಕ, ಶಕುನ ಯಾವುದೂ ಇಲ್ಲ. ನನ್ನ ಪರೀಕ್ಷೆಗೆ, ತಂಗಿಯ ಹೆರಿಗೆಗೆ ಬೇಡಿಕೊಂಡದ್ದನ್ನೂ ನೋಡಿಲ್ಲ.

ತಂದೆಯಾಗಿ ಹೇಗಿದ್ದ? ನಿಜ ಹೇಳಬೇಕೆಂದರೆ, ನನ್ನ ಬಾಲ್ಯದಲ್ಲಿ ಅಪ್ಪ ಅಂದರೆ ಒಂದು ವಿಳಾಸ. ನಂಬರು, ರ‍್ಯಾಂಕು, ಹೆಸರು, ಕೆಳಗೆ ‘56 ಎಪಿಓ’, ಅಂದರೆ ಸೇನೆಯ ಅಂಚೆ ಕಚೇರಿ. ಅಪ್ಪ ಕಾಶ್ಮೀರದಲ್ಲಿದ್ದರೂ ಅದೇ, ಪಂಜಾಬಿನಲ್ಲಿದ್ದರೂ ಅದೇ. ಛಪ್ಪನ್ನಾರೆಪೋ ಅನ್ನುವುದು ಉತ್ತರದ ಕಡೆಯ ದೊಡ್ಡ ಪಟ್ಟಣ ಅಂತ ನಮ್ಮ ಓಣಿಯ ಮಕ್ಕಳೆಲ್ಲ ನಂಬಿದ್ದೆವು. ವರ್ಷಕ್ಕೆ ಎರಡು ತಿಂಗಳ ರಜೆಯಲ್ಲಿ ಬರುತ್ತಿದ್ದ. ಮೊದಲ ವಾರ ನಮಗೆ ಅವನ ಹತ್ತಿರ ಹೋಗಲು ನಾಚಿಕೆ, ಕೊನೆಯ ವಾರ ಬಿಟ್ಟಿರಲು ಅಳು. ಹೊಲ, ಸಾಲ, ನಮ್ಮ ಜ್ವರ, ಅಜ್ಜಿಯ ಕೊನೆಗಾಲ, ಎಲ್ಲವನ್ನೂ ನೋಡಿದ್ದು ಅವ್ವ. ಸೈನಿಕರ ತ್ಯಾಗದ ಬಗ್ಗೆ ಮೈಕಿನಲ್ಲಿ ಮಾತಾಡುವವರು ಅವ್ವನಂಥವರ ಹತ್ತಿರ ಒಂದು ದಿನ ಕೂತು ಹೋಗಬೇಕು.

ಹವಿಲ್ದಾರನಾಗಿ ನಿವೃತ್ತನಾದ ಮೇಲೆ ಅಪ್ಪ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆದ. ಆ ಕಾಲಕ್ಕೆ ಎಲ್ಲ ಮಾಜಿ ಸೈನಿಕರ ದಾರಿ ಅದೇ ಆಗಿತ್ತು. ಜೋಡಿ ನಳಿಗೆಯ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂರುವುದು, ಚಲನ್ ತುಂಬಲು ಬಾರದ ಮುದುಕಿಯರಿಗೆ ತುಂಬಿಕೊಡುವುದು. ಬಂದೂಕಿಗಿಂತ ಪೆನ್ನೇ ಜಾಸ್ತಿ ಬಳಸಿದೆ ಅನ್ನುತ್ತಿದ್ದ. ಆ ವರ್ಷಗಳ ಬಗ್ಗೆ ಹೇಳುವುದು ಅಷ್ಟೇ.

ಪಿಂಚಣಿಗಾಗಿ ನವೆಂಬರಿನಲ್ಲಿ ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಬೇಕಲ್ಲ. 2014ರಿಂದ ಅದಕ್ಕೆ ಜೀವನ್ ಪ್ರಮಾಣ್ ಬಂತು, ಬೆರಳಚ್ಚು ಕೊಟ್ಟರೆ ಸಾಕು. ಅಪ್ಪನ ಬೆರಳಿನ ಗೆರೆಗಳು ಸವೆದು ಹೋಗಿದ್ದವು. ಯಂತ್ರ ಒಪ್ಪುತ್ತಿರಲಿಲ್ಲ. ಹತ್ತೂ ಬೆರಳು ಒತ್ತಿಸಿ, ಒರೆಸಿ, ಮತ್ತೆ ಒತ್ತಿಸಿ, ಯಂತ್ರ ಹಿಡಿದ ಹುಡುಗ ಬೆವರುತ್ತಿದ್ದ. “ನಾ ಬದುಕೀನಿ ಅಂತ ನಾನ ಹೇಳಾಕತ್ತೀನಲ್ಲೋ ತಮ್ಮಾ” ಅಂತ ಅಪ್ಪ ಸಮಾಧಾನ ಹೇಳುತ್ತಿದ್ದ, ಹುಡುಗನಿಗೆ.

ಒಂದು ಸಂಜೆ ಮೊಮ್ಮಗ ಕೇಳಿದ. “ಅಜ್ಜಾ, ಯುದ್ಧದಲ್ಲಿ ಎಷ್ಟು ಜನರನ್ನ ಸಾಯಿಸಿದ್ದೀ?” ಮಕ್ಕಳಿಗೆ ಇಂಥದ್ದೆಲ್ಲ ಸ್ಕೋರು. ನಾವು ಬಯ್ಯುವ ಮೊದಲೇ ಅಪ್ಪ ಉತ್ತರ ಕೊಟ್ಟ. “ಗೊತ್ತಿಲ್ಲಪಾ. ನಾ ಹುಗಿದು ಬಂದೀನಿ. ಯಾರು ತುಳದ್ರು ಅಂತ ನೋಡಾಕ ನಿಂತಿಲ್ಲ.”

ಅದುವರೆಗೂ ಅಪ್ಪ ಮೈನ್ ತೆಗೆದದ್ದನ್ನಷ್ಟೇ ಕೇಳಿದ್ದೆವು. ಹುಗಿದದ್ದನ್ನು ಅವನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಯುದ್ಧಕ್ಕೆ ಮೊದಲು ಗಡಿಯ ನಮ್ಮ ಬದಿಯಲ್ಲಿ, ನಮ್ಮದೇ ರೈತರ ಹೊಲಗಳಲ್ಲಿ ಮೈನ್ ಹಾಕಿದ್ದರು. ಎಲ್ಲಿ ಎಷ್ಟು ಅಂತ ನಕ್ಷೆ ಬರೆದು ಇಡುತ್ತಾರೆ. ಆದರೆ ಮಳೆಗೆ ಮಣ್ಣು ಸರಿಯುತ್ತದೆ, ಮಣ್ಣಿನ ಜೊತೆ ಮೈನೂ ಸರಿಯುತ್ತದೆ. 1972ರ ಜುಲೈನಲ್ಲಿ ಸಿಮ್ಲಾ ಒಪ್ಪಂದ ಆಯಿತು. ಪಡೆಗಳು ಹಿಂದೆ ಸರಿಯುವಾಗ ಸ್ಯಾಪರ್‌ಗಳು ತಾವು ಹುಗಿದದ್ದನ್ನು ತಾವೇ ತೆಗೆಯಲು ಕೂತರು. ಟ್ಯಾಂಕಿಗೆ ಇಟ್ಟ ದೊಡ್ಡ ಮೈನ್ ಮೇಲೆ ಮನುಷ್ಯ ನಡೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಟ್ರ್ಯಾಕ್ಟರ್ ಹೋದರೆ ಆಗುತ್ತದೆ. ರೈತನ ಮಗನಾದ ಅಪ್ಪನಿಗೆ ಇದು ಯಾರೂ ಬಿಡಿಸಿ ಹೇಳಬೇಕಾದ ವಿಷಯವಲ್ಲ. “ಹುಗಿಯೂದು ಒಂದು ರಾತ್ರಿ ಕೆಲಸ. ತೆಗಿಯೂದು ತಿಂಗಳಗಟ್ಲೆ. ಲೆಕ್ಕ ಪೂರಾ ಜಮಾ ಆಗಂಗಿಲ್ಲ” ಅಂದ.

ಆಮೇಲೆ ಹಳೆಯದೊಂದು ನನಗೆ ಅರ್ಥವಾಯಿತು. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೇನೆ ಗಡಿಗೆ ಹೋಗಿ ನಿಂತಿತು. ಪಂಜಾಬ್, ರಾಜಸ್ಥಾನದ ಹೊಲಗಳಲ್ಲಿ ಮೈನ್ ಹಾಕುವ ಸುದ್ದಿ ಟಿವಿಯಲ್ಲಿ ಬಂತು. ನಮಗೆಲ್ಲ ಯುದ್ಧ ಆಗುತ್ತದಾ ಅನ್ನುವ ಕುತೂಹಲ. ಅಪ್ಪ, “ಮತ್ತ ಹುಗಿಯಾಕ ಹತ್ಯಾರ” ಅಂದು ಎದ್ದು ಹೊರಗೆ ಹೋದ. ವಯಸ್ಸಾಯಿತು, ಸುದ್ದಿ ನೋಡಲು ತಾಳ್ಮೆ ಇಲ್ಲ ಅಂದುಕೊಂಡಿದ್ದೆವು. ಹಾಗಂತ ಅವನು ಶಾಂತಿದೂತನೇನೂ ಆಗಿರಲಿಲ್ಲ. 1997ರಲ್ಲಿ ನೆಲಬಾಂಬು ನಿಷೇಧದ ಒಟ್ಟಾವಾ ಒಪ್ಪಂದ ಆದಾಗ ಭಾರತ ಸಹಿ ಹಾಕಲಿಲ್ಲ, ಪಾಕಿಸ್ತಾನವೂ ಹಾಕಲಿಲ್ಲ. ಅದನ್ನು ಪೇಪರಿನಲ್ಲಿ ಓದಿ, “ಬಾರ್ಡರಿನ ಉದ್ದ ನೋಡಿದವ್ರು ಹ್ಯಾಂಗ ಹಾಕ್ತಾರ” ಅಂದಿದ್ದ. ಎರಡೂ ಅವನವೇ ಮಾತು. ಒಂದರಿಂದ ಇನ್ನೊಂದನ್ನು ಅಳಿಸಲು ನಾನು ಹೋಗುವುದಿಲ್ಲ.

ಅವ್ವ ಒಂದು ವಿಷಯ ಹೇಳಿದ್ದು ಅಪ್ಪ ಹೋದ ಮೇಲೆ. ಪೂಜೆ ಮುಗಿಸಿ ಲಿಂಗವನ್ನು ಮತ್ತೆ ವಸ್ತ್ರದಲ್ಲಿ ಕಟ್ಟುವಾಗ ಅವನ ತುಟಿ ಒಂದು ಗಳಿಗೆ ಅಲ್ಲಾಡುತ್ತಿತ್ತು. ವಚನದ ಕೊನೆ ಸಾಲು ಇರಬೇಕು ಅಂದುಕೊಂಡಿದ್ದೆ. ಅದು ವಚನ ಅಲ್ಲವಂತೆ. “ಹುಗದದ್ದು ಯಾರ ಕಾಲಿಗೂ ಸಿಗದಿರ್ಲಿ ಶಿವನೇ.” ದಿನಾ ಅದೊಂದೇ. ಮದುವೆಯಾದ ಹೊಸತರಲ್ಲಿ ಇರಲಿಲ್ಲ, 1972ರ ನಂತರ ಶುರುವಾಯಿತು ಅಂತ ಅವ್ವ ಹೇಳಿದಳು. ಒಮ್ಮೆ ಕೇಳಿದಾಗ ಅಪ್ಪ ಅರ್ಥ ಹೇಳಿದ್ದನಂತೆ, ಆಮೇಲೆ ಅವಳು ಕೇಳಲಿಲ್ಲವಂತೆ. ಬೇಡಿಕೊಳ್ಳದ ಮನುಷ್ಯ ಬೇಡಿಕೊಂಡದ್ದು ಅದೊಂದೇ. ಅದೂ ಎಂದೂ ಮುಖ ನೋಡದ, ಗಡಿಯ ಯಾವ ಬದಿಯವರೋ ಗೊತ್ತಿಲ್ಲದ ರೈತರಿಗಾಗಿ.

ಅಪ್ಪನ ಮಣ್ಣಿಗೆ ತಾಲೂಕಿನ ಮಾಜಿ ಸೈನಿಕರೆಲ್ಲ ಸೇನೆಯ ಬೆರೆ ಟೋಪಿ ಹಾಕಿ, ಪದಕ ತೊಟ್ಟು ಬಂದಿದ್ದರು. ಊರಿನ ಹುಡುಗರು ತ್ರಿವರ್ಣ ಧ್ವಜ ತಂದು ಹೊದಿಸಲು ಹೊರಟರು. ಒಬ್ಬ ಹಳೆಯ ಸುಬೇದಾರರು ತಡೆದರು. ಸರ್ಕಾರಿ ಇಲ್ಲವೇ ಸೇನಾ ಗೌರವದ ಅಂತ್ಯಕ್ರಿಯೆ ಅಲ್ಲದಿದ್ದರೆ ಹೊದಿಸುವ ಹಾಗಿಲ್ಲ, ನಿಯಮ ಇದೆ. “ಹವಿಲ್ದಾರ ಸಾಬ್ ಇದ್ದಿದ್ರ ಮೊದಲು ಅವರ ಬೈತಿದ್ರು” ಅಂದರು. ಹುಡುಗರಿಗೆ ಬೇಜಾರಾಯಿತು, ನನಗೆ ಸಮಾಧಾನವಾಯಿತು. ನಮ್ಮಲ್ಲಿ ಸುಡುವುದಿಲ್ಲ. ವಿಮಾನ ಕಟ್ಟಿ, ಕೂರಿಸಿ ಒಯ್ಯುತ್ತೇವೆ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಕೂತ ಭಂಗಿಯಲ್ಲೇ ಸಮಾಧಿ ಮಾಡುತ್ತೇವೆ. ವಿಭೂತಿ ಬಳಿದುಕೊಂಡು ನೆಟ್ಟಗೆ ಕೂತ ಅಪ್ಪನ ಮುಂದೆ ಆ ಮುದುಕರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆದರು. ಒಬ್ಬರ ಕೈ ನಡುಗುತ್ತಿತ್ತು, ಪಾರ್ಕಿನ್ಸನ್ಸ್. ಪಕ್ಕದವರು ಮೊಣಕೈ ಹಿಡಿದುಕೊಂಡರು.

ಅವ್ವನ ಕುಟುಂಬ ಪಿಂಚಣಿ ಮಾತ್ರ ಸುಲಭಕ್ಕೆ ಆಗಲಿಲ್ಲ. ಯಾವ ಕಾಲದಲ್ಲೋ ಯಾರೋ ಗುಮಾಸ್ತರು ಅವಳ ಹೆಸರನ್ನು ತಪ್ಪಾಗಿ ಬರೆದಿದ್ದರು, ಆಧಾರಿನಲ್ಲಿ ಬೇರೆ ಇತ್ತು. ಇವರೇ ಅವರು ಅಂತ ಅಫಿಡವಿಟ್ ಬೇಕು ಅಂದರು. ಅವ್ವನಿಗೆ ಕೆಂಡದಂಥ ಸಿಟ್ಟು. “ಇಪ್ಪತ್ತು ವರ್ಷ ಛಪ್ಪನ್ನಾರೆಪೋಗೆ ಕಾಗದ ಹಾಕೀನಿ, ನಾ ಯಾರು ಅಂತ ಇವರಿಗೆ ಗೊತ್ತಿಲ್ಲೇನು?” ಕೊನೆಗೆ ಸೈನಿಕ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯವರು ಕಾಗದಪತ್ರ ಸರಿಮಾಡಲು ನೆರವಾದರು, ಬಾಕಿ ಸೇರಿ ಹಣ ಬಂತು. ಅದರಲ್ಲಿ ಅವ್ವ ಮೊದಲು ತಗೊಂಡದ್ದು ಒಂದು ಮಿಕ್ಸರ್. ಕ್ಯಾಂಟೀನಿನಲ್ಲಿ ಕಮ್ಮಿಗೆ ಸಿಗುತ್ತದೆ ಅಂದೆ. ಐವತ್ತು ವರ್ಷ ಕ್ಯಾಂಟೀನ್ ಸಾಮಾನಿನಲ್ಲೇ ಸಂಸಾರ ಮಾಡಿದ್ದೇನೆ, ಇದೊಂದನ್ನು ಪ್ಯಾಟಿಯಲ್ಲಿ, ಬಣ್ಣ ನೋಡಿ ತಗೋತೀನಿ ಅಂದಳು. ಕೆಂಪು ತಂದಿದ್ದಾಳೆ.